ಅಧ್ಯಾಪಕ ರಾಧಾಕೃಷ್ಣನ್

ಸರ್ವಪಲ್ಲಿ ರಾಧಾಕೃಷ್ಣನ್ ಅವರ ಹೆಸರನ್ನು ಕೇಳದ ವಿದ್ಯಾರ್ಥಿ ನಮ್ಮ ನಾಡಿನಲ್ಲಿ ಇರಲಾರನು. ಸೆಪ್ಟೆಂಬರ್ 5 ಬಂದಿತೆಂದರೆ ಊರೂರಿನ ಶಾಲೆ ಕಾಲೇಜುಗಳಲ್ಲಿ ಅವರ ಭಾವಚಿತ್ರಕ್ಕೆ ಹಾರ ಹಾಕಿ, ಭಾಷಣ ಮಾಡಿ, ಅಧ್ಯಾಪಕರಿಗೆ ಹೂವು ಹಣ್ಣು ಕೊಡುತ್ತಾರೆ. ಬಿಳಿಯ ರುಮಾಲು, ಉದ್ದನೆಯ ಕೋಟು, ಕನ್ನಡಕದ ಹಿಂದಿನ ಹೊಳೆಯುವ ಕಣ್ಣು: ಈ ಚಿತ್ರ ನಮಗೆಲ್ಲ ಪರಿಚಿತವಾದದ್ದೇ. ಅವರು ರಾಷ್ಟ್ರಪತಿಗಳಾಗಿದ್ದರು, ಜಗತ್ತಿಗೆ ಭಾರತೀಯ ತತ್ತ್ವಶಾಸ್ತ್ರವನ್ನು ತಿಳಿಸಿಕೊಟ್ಟ ವಿದ್ವಾಂಸರಾಗಿದ್ದರು ಎಂಬುದನ್ನು ಎಲ್ಲರೂ ಬಲ್ಲರು. ಆದರೆ ಈ ಎಲ್ಲ ಪದವಿಗಳಿಗೂ ಮೊದಲು ಅವರು ತರಗತಿಯಲ್ಲಿ ನಿಂತು ಪಾಠ ಹೇಳಿದ ಮೇಷ್ಟರು. ಆ ಮೇಷ್ಟರ ಬಾಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂಬುದು ನನ್ನ ಆಸೆ.

ಈ ಆಸೆಗೆ ಒಂದು ಕಾರಣವುಂಟು. ಒಳ್ಳೆಯ ಪಾಠಕ್ಕೆ ಪ್ರತಿಫಲವೇನು, ಅದನ್ನು ಗುರುತಿಸುವವರು ಯಾರು ಎಂಬ ಪ್ರಶ್ನೆ ಅಧ್ಯಾಪಕವೃತ್ತಿಯಲ್ಲಿರುವ ನನ್ನನ್ನು ಬಹುಕಾಲದಿಂದ ಕಾಡಿದೆ. ಪುಸ್ತಕ ಬರೆದವನ ಪುಸ್ತಕ ಉಳಿಯುತ್ತದೆ. ಸಂಶೋಧನೆ ಮಾಡಿದವನ ಪ್ರಬಂಧವನ್ನು ಬೇರೆ ಊರಿನವರೂ ಓದಿ ತೂಗಬಹುದು. ಪಾಠವಾದರೋ ಗಂಟೆ ಹೊಡೆದೊಡನೆ ಮುಗಿದುಹೋಗುತ್ತದೆ. ಅದಕ್ಕೆ ಸಾಕ್ಷಿಯಾದವರು ಬೆಂಚುಗಳ ಮೇಲೆ ಕುಳಿತ ಹುಡುಗ ಹುಡುಗಿಯರು ಮಾತ್ರ. ರಾಧಾಕೃಷ್ಣನ್ ಅವರ ಜೀವನದಲ್ಲಿ ಈ ಎರಡು ಬಗೆಯ ಮನ್ನಣೆಗಳೂ ದೊರೆತುವು. ಯಾವುದು ಯಾವಾಗ, ಯಾರಿಂದ ದೊರೆಯಿತೆಂಬುದನ್ನು ನೋಡಿದರೆ ನನ್ನ ಪ್ರಶ್ನೆಗೆ ಬಹುಮಟ್ಟಿಗೆ ಉತ್ತರ ಸಿಕ್ಕುತ್ತದೆ.

ಅವರು ಹುಟ್ಟಿದ್ದು 1888ರ ಸೆಪ್ಟೆಂಬರ್ 5ರಂದು, ಅಂದಿನ ಮದರಾಸು ಪ್ರಾಂತದ ತಿರುತ್ತಣಿಯಲ್ಲಿ. ಮನೆಮಾತು ತೆಲುಗು. ತಂದೆ ಕಡಮೆ ಸಂಬಳದ ಕಂದಾಯದ ಕೆಲಸದಲ್ಲಿದ್ದವರು. ಮನೆಯಲ್ಲಿ ಅನುಕೂಲ ಅಷ್ಟಕ್ಕಷ್ಟೆ. ತಿರುಪತಿ, ವೆಲ್ಲೂರುಗಳಲ್ಲಿ ಓದಿ, ವಿದ್ಯಾರ್ಥಿವೇತನದ ಬಲದಿಂದ ಮದರಾಸಿನ ಕ್ರಿಶ್ಚಿಯನ್ ಕಾಲೇಜನ್ನು ಸೇರಿದರು. ಅಲ್ಲಿ ತತ್ತ್ವಶಾಸ್ತ್ರವನ್ನು ಆರಿಸಿಕೊಂಡದ್ದಕ್ಕೆ ಕಾರಣ ತತ್ತ್ವಜಿಜ್ಞಾಸೆಯೆಂದು ನಾವು ಊಹಿಸಬಹುದು. ನಿಜವಾದ ಕಾರಣ ತೀರ ಸಾಧಾರಣವಾದುದು. ಅದೇ ವಿಷಯವನ್ನು ಓದಿ ಪದವಿ ಪಡೆದಿದ್ದ ನೆಂಟನೊಬ್ಬನು ತನ್ನ ಹಳೆಯ ಪಠ್ಯಪುಸ್ತಕಗಳನ್ನು ಕೊಟ್ಟನು. ಮನಶ್ಶಾಸ್ತ್ರ, ತರ್ಕಶಾಸ್ತ್ರ, ನೀತಿಶಾಸ್ತ್ರಗಳ ಆ ಮೂರು ಪುಸ್ತಕಗಳು ಕೈಗೆ ಬಂದುವಾದ್ದರಿಂದ ಪುಸ್ತಕಕ್ಕೆ ಹಣ ಹೊಂದಿಸುವ ಕಷ್ಟ ತಪ್ಪಿತು, ವಿಷಯವೂ ಗೊತ್ತಾಯಿತು. ಬಡತನವೇ ಅವರಿಗೆ ದಾರಿ ತೋರಿಸಿತೆನ್ನಬೇಕು. ನಮ್ಮ ಕಾಲೇಜಿನಂಥ ಸರ್ಕಾರಿ ಕಾಲೇಜುಗಳಲ್ಲಿ ಅಣ್ಣನ ಪುಸ್ತಕ, ಅಕ್ಕನ ಪುಸ್ತಕವನ್ನು ಹಿಡಿದು ಬರುವ ವಿದ್ಯಾರ್ಥಿಗಳು ಈ ಸಂಗತಿಯನ್ನು ನೆನಪಿನಲ್ಲಿಡಬೇಕು.

ಎಂ.ಎ. ಪದವಿಗಾಗಿ ಅವರು ವೇದಾಂತದ ನೀತಿಯನ್ನು ಕುರಿತು ಬರೆದ ಪ್ರಬಂಧ 1908ರಲ್ಲಿ ಅಚ್ಚಾಯಿತು. ವೇದಾಂತದಲ್ಲಿ ನೀತಿಗೆ ಸ್ಥಾನವಿಲ್ಲವೆಂಬ ಆಕ್ಷೇಪಕ್ಕೆ ಇಪ್ಪತ್ತು ವರ್ಷದ ಹುಡುಗನು ಕೊಟ್ಟ ಉತ್ತರವದು. ಕ್ರೈಸ್ತಧರ್ಮದ ಕಾಲೇಜಿನಲ್ಲಿ ಕುಳಿತು ಹಿಂದೂ ಧರ್ಮವನ್ನು ಸಮರ್ಥಿಸಿ ಬರೆದ ಆ ಪ್ರಬಂಧವನ್ನು ಅವರ ಅಧ್ಯಾಪಕರಾದ ಎ. ಜಿ. ಹಾಗ್ ಅವರು ಮೆಚ್ಚಿಕೊಂಡರು. ತನಗೆ ಒಪ್ಪಿಗೆಯಾಗದ ಮತವನ್ನು ಶಿಷ್ಯನು ಚೆನ್ನಾಗಿ ಸ್ಥಾಪಿಸಿದಾಗ ಅದನ್ನು ಮೆಚ್ಚುವುದು ಅಧ್ಯಾಪಕನ ದೊಡ್ಡ ಗುಣ. ರಾಧಾಕೃಷ್ಣನ್ ಆ ಗುಣದ ಫಲವನ್ನು ತಾವೇ ಉಂಡು ಅಧ್ಯಾಪಕವೃತ್ತಿಗೆ ಕಾಲಿಟ್ಟರು.

1909ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರಿಗೆ ಕೆಲಸ ದೊರೆಯಿತು. ಸಂಬಳ ಅಲ್ಪ, ಸಂಸಾರಭಾರ ಹೆಚ್ಚು. ಸರ್ಕಾರದ ನಿಯಮದಂತೆ ಸೈದಾಪೇಟೆಯ ಅಧ್ಯಾಪಕರ ತರಬೇತಿ ಕಾಲೇಜಿಗೂ ಹೋಗಬೇಕಾಯಿತು. ಅಲ್ಲಿ ಒಂದು ವಿನೋದವಾದ ಪ್ರಸಂಗ ನಡೆಯಿತು. ಪಾಠ ಕೇಳಲು ಬಂದ ಈ ತರುಣರಿಂದಲೇ ಸಹಪಾಠಿಗಳು ಮನಶ್ಶಾಸ್ತ್ರದ ಪಾಠ ಹೇಳಿಸಿಕೊಂಡರು. ಆ ಪಾಠಗಳೇ 1912ರಲ್ಲಿ ಮನಶ್ಶಾಸ್ತ್ರದ ಸಾರವನ್ನು ತಿಳಿಸುವ ಒಂದು ಚಿಕ್ಕ ಪುಸ್ತಕವಾಗಿ ಹೊರಬಂದುವು. ಕಠಿಣವಾದ ವಿಷಯವನ್ನು ಮೊದಲು ತಾನು ಅರಗಿಸಿಕೊಂಡು, ಬಳಿಕ ಎದುರಿಗಿದ್ದವನಿಗೆ ಹಿಡಿಸುವಷ್ಟು ಬಡಿಸುವ ಕಲೆ ಅವರಿಗೆ ಆಗಲೇ ಕೈಗೂಡಿತ್ತು.

ಕೆಲವು ಕಾಲ ರಾಜಮಹೇಂದ್ರಿಯ ಸರ್ಕಾರಿ ಕಾಲೇಜಿನಲ್ಲಿದ್ದು, 1918ರಲ್ಲಿ ಅವರು ಮೈಸೂರಿಗೆ ಬಂದರು. ಆಗ ಮೈಸೂರು ವಿಶ್ವವಿದ್ಯಾನಿಲಯ ಎರಡು ವರ್ಷದ ಮಗು. ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಾನ್ ವಿಶ್ವೇಶ್ವರಯ್ಯನವರೂ 1916ರಲ್ಲಿ ಅದನ್ನು ಸ್ಥಾಪಿಸಿದ್ದರು, ಎಚ್. ವಿ. ನಂಜುಂಡಯ್ಯನವರು ಅದರ ಮೊದಲನೆಯ ವೈಸ್‌ಛಾನ್ಸಲರ್. ದೇಶೀಯ ಸಂಸ್ಥಾನವೊಂದರಲ್ಲಿ ಹುಟ್ಟಿದ ಮೊದಲ ವಿಶ್ವವಿದ್ಯಾನಿಲಯವೆಂಬ ಹೆಮ್ಮೆ ಅದಕ್ಕಿದ್ದಿತು. ಒಳ್ಳೆಯ ಕಟ್ಟಡ ಕಟ್ಟಿದರೆ ಸಾಲದು, ಒಳ್ಳೆಯ ಅಧ್ಯಾಪಕರನ್ನು ಎಲ್ಲಿದ್ದರೂ ಕರೆತರಬೇಕೆಂಬ ವಿವೇಕವೂ ಇದ್ದಿತು. ಮೂವತ್ತು ತುಂಬದ ರಾಧಾಕೃಷ್ಣನ್ ಹೀಗೆ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪ್ರಾಧ್ಯಾಪಕರಾದರು.

ಅವರು ಮೈಸೂರಿನಲ್ಲಿದ್ದುದು ಮೂರು ವರ್ಷಕ್ಕೂ ಕಡಮೆ. ಅಷ್ಟರಲ್ಲೇ ಅವರ ಪಾಠದ ಕೀರ್ತಿ ಕಾಲೇಜನ್ನೆಲ್ಲ ತುಂಬಿತು. ಕೈಯಲ್ಲಿ ಟಿಪ್ಪಣಿಯಿಲ್ಲದೆ ತರಗತಿಗೆ ಬರುತ್ತಿದ್ದರು. ಮಾತು ನಿರರ್ಗಳವಾಗಿದ್ದರೂ ಅದರಲ್ಲಿ ಕ್ರಮವಿದ್ದಿತು. ಒಂದು ಅಂಶ ಮುಗಿದು ಇನ್ನೊಂದು ಆರಂಭವಾದುದು ಹಿಂದಿನ ಬೆಂಚಿನವನಿಗೂ ತಿಳಿಯುತ್ತಿತ್ತು. ಉಪನಿಷತ್ತಿನಿಂದ ಪ್ಲೇಟೋವಿಗೆ, ಶಂಕರರಿಂದ ಬ್ರಾಡ್ಲೆಗೆ ಸಲೀಸಾಗಿ ಸಂಚರಿಸಿ, ದೂರದ ಗ್ರೀಸ್ ಜರ್ಮನಿಗಳ ವಿಚಾರವನ್ನು ನಮ್ಮ ಮನೆಯಂಗಳಕ್ಕೆ ತಂದು ನಿಲ್ಲಿಸುತ್ತಿದ್ದರು. ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ ಸಂಶಯಗಳನ್ನು ಕೇಳುವುದಕ್ಕೆ ಅಂಜಬೇಕಾಗಿರಲಿಲ್ಲ. ಆ ಕಾಲದಲ್ಲಿ ಪ್ರಾಧ್ಯಾಪಕರೆಂದರೆ ದೂರದಿಂದ ಕೈಮುಗಿದು ಸರಿದುಹೋಗಬೇಕಾದ ವ್ಯಕ್ತಿಗಳು. ಅಂಥ ಕಾಲದಲ್ಲಿ ಈ ಸಲಿಗೆ ಸಣ್ಣ ಮಾತಲ್ಲ.

ಮೈಸೂರಿನಲ್ಲಿ ಅವರು ಬರೆಯುವುದನ್ನೂ ಬಿಡಲಿಲ್ಲ. ರವೀಂದ್ರನಾಥ ಠಾಕೂರರ ತತ್ತ್ವವನ್ನು ಕುರಿತ ಗ್ರಂಥ 1918ರಲ್ಲಿಯೂ, ಸಮಕಾಲೀನ ತತ್ತ್ವಶಾಸ್ತ್ರದಲ್ಲಿ ಧರ್ಮದ ಪ್ರಭಾವವನ್ನು ವಿಮರ್ಶಿಸುವ ಗ್ರಂಥ 1920ರಲ್ಲಿಯೂ ಪ್ರಕಟವಾದುವು. ಈ ಬರವಣಿಗೆಯ ಸುದ್ದಿ ಕಲ್ಕತ್ತೆಗೆ ಮುಟ್ಟಿತು. ಅಲ್ಲಿನ ವಿಶ್ವವಿದ್ಯಾನಿಲಯವನ್ನು ಕಟ್ಟಿ ನಿಲ್ಲಿಸಿದ ಸರ್ ಆಶುತೋಷ ಮುಖರ್ಜಿಯವರು ಅಧ್ಯಾಪಕರನ್ನು ಆಯುವುದರಲ್ಲಿ ಗಟ್ಟಿಗರು. ಐದನೆಯ ಜಾರ್ಜ್ ಹೆಸರಿನ ತತ್ತ್ವಶಾಸ್ತ್ರಪೀಠ ಅಲ್ಲಿ ತೆರವಾಗಿತ್ತು. ಆ ಪೀಠದಲ್ಲಿದ್ದ ಬ್ರಜೇಂದ್ರನಾಥ ಸೀಲ್ ಅವರು ನಮ್ಮ ಮೈಸೂರಿಗೇ ವೈಸ್‌ಛಾನ್ಸಲರಾಗಿ ಬಂದಿದ್ದರು. ಕಲ್ಕತ್ತ ತನ್ನ ತತ್ತ್ವಜ್ಞರನ್ನು ಮೈಸೂರಿಗೆ ಕೊಟ್ಟು ಮೈಸೂರಿನ ತತ್ತ್ವಜ್ಞರನ್ನು ತಾನು ಪಡೆಯಿತು. 1921ರಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ರಾಧಾಕೃಷ್ಣನ್ ಆ ಪೀಠಕ್ಕೆ ಹೊರಟರು.

ಅವರು ಮೈಸೂರನ್ನು ಬಿಟ್ಟ ದಿನದ ಸಂಗತಿ ಪ್ರಸಿದ್ಧವಾದುದು. ವಿದ್ಯಾರ್ಥಿಗಳು ಒಂದು ಸಾರೋಟನ್ನು ಹೂಗಳಿಂದ ಅಲಂಕರಿಸಿ, ಅದರಲ್ಲಿ ತಮ್ಮ ಗುರುಗಳನ್ನು ಕುಳ್ಳಿರಿಸಿದರು. ಕುದುರೆಗಳನ್ನು ಕಟ್ಟಗೊಡಲಿಲ್ಲ. ನೊಗಕ್ಕೆ ತಾವೇ ಕೈಹಚ್ಚಿ ರೈಲುನಿಲ್ದಾಣದವರೆಗೆ ಎಳೆದುಕೊಂಡು ಹೋದರು. ನಿಲ್ದಾಣದಲ್ಲಿ ಜಯಘೋಷ, ಎಲ್ಲರ ಕಣ್ಣಿನಲ್ಲಿ ನೀರು. ಅರಮನೆಯ ಊರಾದ ಮೈಸೂರಿಗೆ ಮೆರವಣಿಗೆಗಳು ಹೊಸತಲ್ಲ. ಆದರೆ ಪಾಠ ಹೇಳಿದ ಮೇಷ್ಟರೊಬ್ಬರಿಗೆ ಕೇಳಿದ ಹುಡುಗರು ತಾವಾಗಿ ಮಾಡಿದ ಇಂಥ ಮೆರವಣಿಗೆಯನ್ನು ಊರಿನವರು ಅದಕ್ಕೆ ಮೊದಲು ಕಂಡಿದ್ದರೋ ಇಲ್ಲವೋ!

ಈ ಘಟನೆಯನ್ನು ಗುರುಭಕ್ತಿಯ ಕಥೆಯಾಗಿ ಹೇಳಿ ಮುಗಿಸುವುದು ವಾಡಿಕೆ. ನನಗೆ ಅದರಲ್ಲಿ ಬೇರೊಂದು ಅರ್ಥವೂ ಕಾಣುತ್ತದೆ. ಕಲ್ಕತ್ತದ ಪೀಠ ಅವರಿಗೆ ದೊರೆತುದು ಮುಖ್ಯವಾಗಿ ಅವರ ಗ್ರಂಥಗಳ ಬಲದಿಂದ. ಆಶುತೋಷರು ಮಹಾರಾಜಾ ಕಾಲೇಜಿನ ತರಗತಿಯಲ್ಲಿ ಕುಳಿತು ಪಾಠ ಕೇಳಿದವರಲ್ಲ; ಮುದ್ರಿತವಾದ ಹಾಳೆಗಳೇ ಅವರ ಬಳಿಗೆ ಹೋಗಬಲ್ಲ ಸಾಕ್ಷಿಗಳು. ಪಾಠಕ್ಕೆ ಸಾಕ್ಷಿಯಾಗಿದ್ದವರು ಆ ಹುಡುಗರು. ಸಂಬಳ ಹೆಚ್ಚಿಸುವ ಅಧಿಕಾರ, ಪದವಿ ಕೊಡುವ ಅಧಿಕಾರ ಅವರಿಗಿರಲಿಲ್ಲ. ತಮ್ಮಲ್ಲಿದ್ದುದನ್ನು ಅವರು ಕೊಟ್ಟರು: ಹೂವು, ತೋಳಿನ ಬಲ, ಒಂದು ದಿನದ ಶ್ರಮ. ಹೊರಟುಹೋಗುತ್ತಿರುವ ಅಧ್ಯಾಪಕರಿಂದ ಅವರಿಗೆ ಇನ್ನು ಅಂಕ ದೊರೆಯಬೇಕಾಗಿರಲಿಲ್ಲ, ಶಿಫಾರಸು ದೊರೆಯಬೇಕಾಗಿರಲಿಲ್ಲ. ಆದುದರಿಂದಲೇ ಆ ಮನ್ನಣೆ ಶುದ್ಧವಾದುದು.

ಇದೇ ಮಹಾರಾಜಾ ಕಾಲೇಜಿನಲ್ಲಿ ಆ ಕಾಲದಲ್ಲಿ ಇನ್ನೊಬ್ಬ ಮಹನೀಯರಿದ್ದರು. ಪ್ರೊಫೆಸರ್ ಎಂ. ಹಿರಿಯಣ್ಣನವರು ಸಂಸ್ಕೃತವನ್ನು ಬೋಧಿಸುತ್ತಿದ್ದರು. ಮಿತಭಾಷಿಗಳು, ಪ್ರಚಾರಕ್ಕೆ ಹಿಂಜರಿಯುವವರು. ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಯನ್ನು ಕುರಿತ ಅವರ ಹೆಸರಾಂತ ಗ್ರಂಥ ಹೊರಬಂದುದು 1932ರಲ್ಲಿ, ಅವರಿಗೆ ಅರುವತ್ತು ದಾಟಿದ ಮೇಲೆ. ಅದರ ಮೂಲ ಅವರು ಮೈಸೂರಿನಲ್ಲಿ ಅನೇಕ ವರ್ಷ ಹೇಳಿದ ಪಾಠಗಳು. ಗ್ರಂಥವಾಗಿ ಜಗತ್ತಿಗೆ ತಿಳಿಯುವುದಕ್ಕೆ ಎಷ್ಟೋ ವರ್ಷ ಮೊದಲೇ ಆ ವಿದ್ವತ್ತು ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ಸಲ್ಲುತ್ತಿತ್ತು. ಒಂದೇ ಕಾಲೇಜಿನ ಈ ಇಬ್ಬರನ್ನು ನೋಡಿದರೆ, ಒಳ್ಳೆಯ ಪಾಠಕ್ಕೆ ಒಂದೇ ಅಚ್ಚು ಇಲ್ಲವೆಂಬುದೂ, ವಾಗ್ಮಿಗೆ ಬೇಗ ಸಿಕ್ಕುವ ಮನ್ನಣೆ ಮೆಲುದನಿಯವನಿಗೆ ತಡವಾಗಿ ಬರುತ್ತದೆಂಬುದೂ ತಿಳಿಯುತ್ತದೆ. ಆದಕಾರಣ ಜನಪ್ರಿಯತೆಯೊಂದನ್ನೇ ಒಳ್ಳೆಯ ಪಾಠದ ಅಳತೆಗೋಲಾಗಿ ಹಿಡಿಯುವುದು ಸಲ್ಲದು.

ಕಲ್ಕತ್ತೆಗೆ ಹೋದ ಬಳಿಕ ರಾಧಾಕೃಷ್ಣನ್ ಅವರ ಕೀರ್ತಿ ಸಮುದ್ರವನ್ನು ದಾಟಿತು. ಭಾರತೀಯ ತತ್ತ್ವಶಾಸ್ತ್ರದ ಎರಡು ಸಂಪುಟಗಳು 1923ರಲ್ಲಿಯೂ 1927ರಲ್ಲಿಯೂ ಪ್ರಕಟವಾದುವು. 1926ರಲ್ಲಿ ಆಕ್ಸ್‌ಫರ್ಡಿನಲ್ಲಿ ಹಿಂದೂ ಜೀವನದೃಷ್ಟಿಯನ್ನು ಕುರಿತು ಉಪನ್ಯಾಸ ಮಾಡಿದರು; ಅದೇ ವರ್ಷ ಅಮೆರಿಕದ ಹಾರ್ವರ್ಡಿನಲ್ಲಿ ನಡೆದ ತತ್ತ್ವಶಾಸ್ತ್ರಜ್ಞರ ಅಂತರರಾಷ್ಟ್ರೀಯ ಸಮ್ಮೇಳನದಲ್ಲಿ ಮಾತನಾಡಿದರು. ಗ್ರಂಥಕೀರ್ತಿಯ ಜೊತೆಗೆ ಅದರ ಕಹಿಯೂ ಬಂದಿತು. 1929ರಲ್ಲಿ ಯದುನಾಥ ಸಿನ್ಹ ಎಂಬ ವಿದ್ವಾಂಸರು ತಮ್ಮ ಪ್ರಬಂಧದ ಭಾಗಗಳು ರಾಧಾಕೃಷ್ಣನ್ ಅವರ ಗ್ರಂಥದಲ್ಲಿ ಸೇರಿವೆಯೆಂದು ಬಹಿರಂಗವಾಗಿ ಆರೋಪಿಸಿದರು. ರಾಧಾಕೃಷ್ಣನ್ ಅದನ್ನು ಅಲ್ಲಗಳೆದರು. ಇಬ್ಬರೂ ನ್ಯಾಯಾಲಯಕ್ಕೆ ಹೋಗಿ, 1933ರಲ್ಲಿ ತೀರ್ಪಿಲ್ಲದೆ ರಾಜಿಯಲ್ಲಿ ವ್ಯಾಜ್ಯ ಮುಗಿಯಿತು. ಮಹಾಪುರುಷರ ಚರಿತ್ರೆಯಲ್ಲಿ ಇಂಥ ಸಂಗತಿಗಳನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಪುಸ್ತಕಗಳಿಂದ ಬಂದ ಯಶಸ್ಸಿಗೆ ಹೀಗೆ ವಾದವಿವಾದಗಳು ಅಂಟಿಕೊಂಡುವು. ಮೈಸೂರಿನ ಹುಡುಗರು ಎಳೆದ ಸಾರೋಟಿನ ವಿಷಯದಲ್ಲಿ ಯಾರೂ ತಕರಾರು ತೆಗೆಯಲಿಲ್ಲ.

1931ರಲ್ಲಿ ಅವರು ಆಂಧ್ರ ವಿಶ್ವವಿದ್ಯಾನಿಲಯದ ವೈಸ್‌ಛಾನ್ಸಲರಾದರು. ಇಲ್ಲಿಯವರೆಗೆ ಮನ್ನಣೆಯನ್ನು ಪಡೆಯುತ್ತಿದ್ದವರು ಈಗ ಅದನ್ನು ಕೊಡಬೇಕಾದ ಸ್ಥಾನದಲ್ಲಿ ಕುಳಿತರು. ವಾಲ್ತೇರಿನ ಆ ಎಳೆಯ ವಿಶ್ವವಿದ್ಯಾನಿಲಯಕ್ಕೆ ಅವರು ದೇಶದ ನಾನಾ ಭಾಗಗಳಿಂದ ತರುಣ ಪ್ರತಿಭಾವಂತರನ್ನು ಹುಡುಕಿ ತಂದರು. ಮುಂದೆ ಕೇಂದ್ರ ಸಚಿವರಾದ ಹುಮಾಯೂನ್ ಕಬೀರರು, ಲೋಕಸಭೆಯಲ್ಲಿ ಹೆಸರಾದ ಹೀರೇನ್ ಮುಖರ್ಜಿಯವರು, ರಸಾಯನಶಾಸ್ತ್ರಜ್ಞ ಟಿ. ಆರ್. ಶೇಷಾದ್ರಿಯವರು ಇಂಥವರೆಲ್ಲ ಅಲ್ಲಿ ಪಾಠ ಹೇಳಿದವರು. ಆಶುತೋಷರು ತಮ್ಮನ್ನು ಆಯ್ದಂತೆ ಇವರು ಇತರರನ್ನು ಆಯ್ದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಮೊದಲ ಬಾರಿಗೆ ಮೂವರಿಗೆ ದೊರೆಯಿತು: ರಾಜಾಜಿ, ಸಿ. ವಿ. ರಾಮನ್, ರಾಧಾಕೃಷ್ಣನ್. ಈ ಮೂವರಲ್ಲಿ ಇಬ್ಬರು ಆಶುತೋಷರು ಕಲ್ಕತ್ತ ವಿಶ್ವವಿದ್ಯಾನಿಲಯಕ್ಕೆ ಕರೆತಂದ ಅಧ್ಯಾಪಕರೆಂಬುದನ್ನು ನೆನೆದರೆ, ಗುಣವನ್ನು ಗುರುತಿಸುವ ಒಬ್ಬ ಮುಖ್ಯಸ್ಥನಿಂದ ಏನಾಗಬಹುದೆಂಬುದು ಅರಿವಾಗುತ್ತದೆ.

1936ರಲ್ಲಿ ಆಕ್ಸ್‌ಫರ್ಡಿನಲ್ಲಿ ಪ್ರಾಚ್ಯ ಧರ್ಮ ಮತ್ತು ನೀತಿಶಾಸ್ತ್ರದ ಪ್ರಾಧ್ಯಾಪಕಪೀಠ ಅವರದಾಯಿತು. 1939ರಲ್ಲಿ ಮದನಮೋಹನ ಮಾಳವೀಯರ ತರುವಾಯ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಹೊಣೆಯನ್ನು ಹೊತ್ತು 1948ರವರೆಗೆ ನಡೆಸಿದರು. ಆಡಳಿತದ ಗೊಂದಲದ ನಡುವೆಯೂ ಭಾನುವಾರದ ಗೀತೋಪನ್ಯಾಸಗಳನ್ನು ಅವರು ಬಿಡಲಿಲ್ಲ. 1942ರ ಚಳವಳಿಯ ದಿನಗಳಲ್ಲಿ ವಿಶ್ವವಿದ್ಯಾನಿಲಯದ ಆವರಣವನ್ನು ಯುದ್ಧದ ಆಸ್ಪತ್ರೆಯಾಗಿ ಮಾಡಲು ಸರ್ಕಾರ ಯೋಚಿಸಿದಾಗ, ದೆಹಲಿಯವರೆಗೆ ಹೋಗಿ ಅದನ್ನು ತಪ್ಪಿಸಿದರು. ಕುರ್ಚಿ ದೊಡ್ಡದಾದ ಮೇಲೆ ಸೀಮೆಸುಣ್ಣವನ್ನು ಮರೆಯುವವರು ಬಹುಮಂದಿ. ಇವರು ಮರೆಯಲಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ 1948ರ ನವೆಂಬರಿನಲ್ಲಿ ಭಾರತ ಸರ್ಕಾರ ವಿಶ್ವವಿದ್ಯಾನಿಲಯ ಶಿಕ್ಷಣ ಆಯೋಗವನ್ನು ನೇಮಿಸಿ, ಅವರನ್ನೇ ಅಧ್ಯಕ್ಷರನ್ನಾಗಿ ಮಾಡಿತು. ಝಾಕಿರ್ ಹುಸೇನ್, ಮೇಘನಾದ ಸಹಾ, ಲಕ್ಷ್ಮಣಸ್ವಾಮಿ ಮೊದಲಿಯಾರ್ ಮೊದಲಾದವರು ಅದರ ಸದಸ್ಯರು. 1949ರ ಆಗಸ್ಟಿನಲ್ಲಿ ವರದಿ ಸಿದ್ಧವಾಯಿತು. ಅಧ್ಯಾಪಕನ ಮಹತ್ತ್ವವನ್ನೂ ಹೊಣೆಯನ್ನೂ ಮನಗಾಣಬೇಕೆಂಬುದು ಅದರ ಶಿಫಾರಸುಗಳಲ್ಲಿ ಮೊದಮೊದಲು ಬರುವ ಮಾತು. ಬಡ್ತಿಗೆ ಯೋಗ್ಯತೆಯೊಂದೇ ಆಧಾರವಾಗಬೇಕು. ಪರೀಕ್ಷೆಯ ದಿನಗಳನ್ನು ಬಿಟ್ಟು ವರ್ಷಕ್ಕೆ 180 ದಿನವಾದರೂ ಪಾಠ ನಡೆಯಬೇಕು. ಸಂಯೋಜಿತ ಕಾಲೇಜೊಂದರಲ್ಲಿ 1500ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರಬಾರದು. ಭಾಷಣದ ಜೊತೆಗೆ ಸಣ್ಣ ಗುಂಪುಗಳಲ್ಲಿ ಚರ್ಚೆಯ ಪಾಠವಿರಬೇಕು. ನಿಗದಿಯಾದ ಒಂದೇ ಪಠ್ಯಪುಸ್ತಕಕ್ಕೆ ತರಗತಿಯನ್ನು ಕಟ್ಟಿಹಾಕಬಾರದು ಎಂದು ವರದಿ ಹೇಳಿತು. ಆ ಆಯೋಗದ ಸಲಹೆಯ ಫಲವಾಗಿ 1953ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಆರಂಭವಾಯಿತು. ಈ ಶಿಫಾರಸುಗಳನ್ನು ಓದಿದಾಗ ನನಗೆ ಹೊಳೆಯುವುದಿಷ್ಟು: ಒಳ್ಳೆಯ ಪಾಠಕ್ಕೆ ಕೊಡಬೇಕಾದ ಮೊದಲನೆಯ ಬಹುಮಾನ ಒಳ್ಳೆಯ ಪಾಠ ಹೇಳಲು ಬೇಕಾದ ಅನುಕೂಲವೇ. ನೂರಾರು ಮಂದಿಯನ್ನು ಒಂದೇ ಕೊಠಡಿಯಲ್ಲಿ ತುಂಬಿ, ಪುಸ್ತಕಭಂಡಾರಕ್ಕೆ ಬೀಗ ಹಾಕಿ, ವರ್ಷಕ್ಕೊಮ್ಮೆ ಶಾಲು ಹೊದಿಸಿದರೆ ಅಧ್ಯಾಪಕನಿಗೆ ಚಳಿ ಹೋದೀತು, ಪಾಠ ಸುಧಾರಿಸದು.

ಅವರು 1952ರಲ್ಲಿ ಉಪರಾಷ್ಟ್ರಪತಿಗಳಾಗಿ, 1962ರಲ್ಲಿ ರಾಷ್ಟ್ರಪತಿಗಳಾದರು. ಆ ವರ್ಷ ಶಿಷ್ಯರೂ ಸ್ನೇಹಿತರೂ ಅವರ ಹುಟ್ಟುಹಬ್ಬವನ್ನು ಆಚರಿಸಬೇಕೆಂದು ಬಂದಾಗ, ಆ ದಿನವನ್ನು ಅಧ್ಯಾಪಕರೆಲ್ಲರ ದಿನವಾಗಿ ಆಚರಿಸಿದರೆ ತಮಗೆ ಹೆಚ್ಚು ಸಂತೋಷವೆಂದು ಅವರು ತಿಳಿಸಿದರು. ಹೀಗೆ ತಮಗೆ ಬಂದ ಹೂವನ್ನು ಹೆಸರಿಲ್ಲದ ಸಾವಿರಾರು ಮೇಷ್ಟರುಗಳಿಗೆ ಹಂಚಿಕೊಟ್ಟರು. 1967ರಲ್ಲಿ ನಿವೃತ್ತರಾಗಿ ಮದರಾಸಿಗೆ ಹಿಂದಿರುಗಿ, 1975ರ ಏಪ್ರಿಲ್ 17ರಂದು ತೀರಿಕೊಂಡರು. ಕೊನೆಯ ವರ್ಷದಲ್ಲಿ ಬಂದ ಟೆಂಪಲ್ಟನ್ ಪ್ರಶಸ್ತಿಯ ಹಣ ತಾವು ಪಾಠ ಹೇಳಿದ ಆಕ್ಸ್‌ಫರ್ಡಿಗೆ ದಾನವಾಗಿ ಸಂದಿತು.

ಅವರ ಬಳಿಕ ನಮ್ಮ ದೇಶದಲ್ಲಿ ಪಾಠಕ್ಕೆ ಮನ್ನಣೆ ಕೊಡುವ ಪ್ರಯತ್ನಗಳು ಹೇಗೆ ನಡೆದುವು? ಶಿಕ್ಷಕರಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ 1958ರಲ್ಲಿಯೇ ಹುಟ್ಟಿದ್ದರೂ ಅದು ಶಾಲಾ ಶಿಕ್ಷಕರಿಗೆ ಮೀಸಲಾಗಿತ್ತು. ಕಾಲೇಜು, ವಿಶ್ವವಿದ್ಯಾನಿಲಯಗಳ ಅಧ್ಯಾಪಕರಿಗೂ ಅದು ವಿಸ್ತರಿಸಿದ್ದು 2023ರಲ್ಲಿ. ಯಾರ ಹುಟ್ಟುಹಬ್ಬದಂದು ಪ್ರಶಸ್ತಿ ಕೊಡುತ್ತಾರೋ ಅವರು ಬಾಳೆಲ್ಲ ಕಾಲೇಜು ವಿಶ್ವವಿದ್ಯಾನಿಲಯಗಳಲ್ಲಿಯೇ ಪಾಠ ಹೇಳಿದವರೆಂಬುದು ಸ್ವಾರಸ್ಯವಾದ ಸಂಗತಿ. ಇನ್ನೊಂದು ಕಡೆ, 2010ರಲ್ಲಿ ಬಂದ ನಿಯಮಗಳು ಅಧ್ಯಾಪಕರ ಕೆಲಸವನ್ನೆಲ್ಲ ಅಂಕಗಳಲ್ಲಿ ಎಣಿಸಹೊರಟುವು. ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು ಎಂದು ಲೆಕ್ಕ ಹಾಕುವುದು ಸುಲಭ. ಪಾಠಕ್ಕೆ ಎಷ್ಟು ಎಂದು ಹಾಕುವುದು ಕಷ್ಟ. ಸುಲಭವಾದುದರ ಕಡೆಗೆ ಜನ ಹರಿದರು. ಓದುವವರಿಲ್ಲದ ಲೇಖನಗಳು ಬೆಳೆದುವು. 2018ರಲ್ಲಿ ನಿಯಮಗಳನ್ನು ಬದಲಾಯಿಸಿ, ಕಾಲೇಜು ಅಧ್ಯಾಪಕರ ಬಡ್ತಿಯಲ್ಲಿ ಪಾಠಕ್ಕೆ ಹೆಚ್ಚಿನ ತೂಕ ಕೊಡಬೇಕಾಯಿತು.

ಇಷ್ಟು ವರ್ಷಗಳ ಅನುಭವದಲ್ಲಿ ನಾನು ತುಂಬಿದ ನಮೂನೆಗಳಿಗೆ ಲೆಕ್ಕವಿಲ್ಲ. ಪ್ರಕಟಣೆಯ ಕಾಲಮು, ವಿಚಾರಸಂಕಿರಣದ ಕಾಲಮು, ಪ್ರಮಾಣಪತ್ರದ ಕಾಲಮು ಎಲ್ಲವೂ ಅವುಗಳಲ್ಲಿದ್ದುವು. ಅರ್ಥವಾಗದೆ ಕುಳಿತಿದ್ದ ಒಬ್ಬ ಹುಡುಗಿಗೆ ಒಂದು ಮಧ್ಯಾಹ್ನ ವಿಷಯ ಹೊಳೆದು ಮುಖ ಅರಳಿತೆಂಬುದನ್ನು ಬರೆಯುವುದಕ್ಕೆ ಜಾಗವನ್ನು ನಾನು ಎಲ್ಲಿಯೂ ಕಾಣಲಿಲ್ಲ. ಇದನ್ನು ದೂರೆಂದು ಯಾರೂ ಭಾವಿಸಬಾರದು. ಅಂಥ ಸಂಗತಿಯನ್ನು ಅಧ್ಯಾಪಕನೇ ಬರೆದುಕೊಂಡರೆ ಬೆಲೆಯಿಲ್ಲ; ಆ ಹುಡುಗಿ ಬರೆದರೆ ಬೆಲೆಯುಂಟು. ಪಾಠವನ್ನು ತೂಗಬೇಕಾದರೆ ಸಹೋದ್ಯೋಗಿಗಳು ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಆಗಾಗ ಕುಳಿತು ನೋಡಬೇಕು. ಓದು ಮುಗಿಸಿ ಐದು ಹತ್ತು ವರ್ಷವಾದ ಹಳೆಯ ವಿದ್ಯಾರ್ಥಿಗಳನ್ನು, ಯಾರ ಪಾಠ ನಿಮ್ಮಲ್ಲಿ ಉಳಿದಿದೆಯೆಂದು ವಿಶ್ವವಿದ್ಯಾನಿಲಯ ವಿಚಾರಿಸಬೇಕು. ಪರೀಕ್ಷೆಯ ಭಯ, ಅಂಕದ ಆಸೆ ಎರಡೂ ಹೋದ ಮೇಲೆ ಬಂದ ಉತ್ತರದಲ್ಲಿ ವಾಗ್ಮಿಗೂ ಮೆಲುದನಿಯವನಿಗೂ ನ್ಯಾಯ ದೊರೆಯುತ್ತದೆ. ಮೈಸೂರಿನ ಹುಡುಗರು 1921ರಲ್ಲಿ ಯಾರ ಅಪ್ಪಣೆಯೂ ಇಲ್ಲದೆ ಮಾಡಿದುದನ್ನು ವಿಶ್ವವಿದ್ಯಾನಿಲಯಗಳು ಕ್ರಮವಾಗಿ ಮಾಡಬೇಕೆಂಬುದಷ್ಟೇ ನನ್ನ ಅಭಿಪ್ರಾಯ.

ವಿದ್ಯಾರ್ಥಿಮಿತ್ರರೇ, ಸಾರೋಟುಗಳ ಕಾಲ ಹೋಯಿತು. ಯಾರನ್ನೂ ಎಳೆದುಕೊಂಡು ಹೋಗಬೇಕೆಂದು ನಾನು ಹೇಳುವುದಿಲ್ಲ. ಈ ಕಾಲೇಜನ್ನು ಬಿಟ್ಟು ಉದ್ಯೋಗ ಹಿಡಿದು ನೆಲೆಗೊಂಡ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು, ನಿಮಗೆ ಚೆನ್ನಾಗಿ ಪಾಠ ಹೇಳಿದವರು ಒಬ್ಬರಿದ್ದರೆ ಅವರಿಗೆ ನಾಲ್ಕು ಸಾಲಿನ ಕಾಗದ ಬರೆಯಿರಿ. ಯಾವ ಪಾಠ, ಅದರಲ್ಲಿ ಯಾವ ಮಾತು ನಿಮ್ಮ ಜೊತೆಗೆ ಬಂದಿತೆಂಬುದನ್ನು ಅದರಲ್ಲಿ ಸ್ಪಷ್ಟವಾಗಿ ತಿಳಿಸಿರಿ. ಅದರ ಒಂದು ಪ್ರತಿಯನ್ನು ಪ್ರಿನ್ಸಿಪಾಲರಿಗೂ ಕಳುಹಿಸಿರಿ.